ಉಡುಪಿನ ಪಟದಲ್ಲಿ ನ್ಯಾಮತಿ ನರ್ಸಮ್ಮ

ಟರ್ಪಂಟೈನ್ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಸಂತೇಬೆನ್ನೂರಿನ ತಮ್ಮನ ಮನೆಗೆ ಹೋದಾಗ ಹೊಸ ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹೊಸ್ತಿಲು ದಾಟುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಕಾಫಿ ತಂದ ತಮ್ಮನ ಹೆಂಡತಿ ನನ್ನ ಮುಖ ನೋಡಿ, "ಯಾಕಕ್ಕ, ಬಣ್ಣ ಸರಿ ಹೋಗ್ಲಿಲ್ವಾ?" ಎಂದಳು.

"ಬಣ್ಣ ಚೆನ್ನಾಗೇ ಐತೆ ಕಣೆ. ಯಾವುದೋ ಹಳೇದು ನೆನಪಾತು" ಎಂದೆ.

ಆ ಹಳೆಯದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ. ಆಗ ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಊರು ಜಗಳೂರು. ಮದುವೆಯಾಗಿರಲಿಲ್ಲ, ಹೊಳೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ನನ್ನ ತರಗತಿಯ ಗೋಡೆಯ ಮೇಲೆ ನಾನು ಬರುವುದಕ್ಕೆ ಬಹಳ ಮೊದಲೇ ಹೊಡೆದ ಮೊಳೆಗಳಲ್ಲಿ ಒಂದು ಸಾಲು ಚಿತ್ರಪಟಗಳು ನೇತಾಡುತ್ತಿದ್ದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಚ್ಚಾದವು. ಪ್ರಾಂತ್ಯಕ್ಕೊಂದು ಪಟ, ಪಟಕ್ಕೊಂದು ಗಂಡು, ಒಂದು ಹೆಣ್ಣು, ಕೆಳಗೆ ಒಂದು ಸಾಲು ವಿವರಣೆ. ಪಂಜಾಬಿನವರ ಕೈಯಲ್ಲಿ ಗೋಧಿ ತೆನೆ, ಕೇರಳದವರ ಪಕ್ಕದಲ್ಲಿ ತೆಂಗಿನಮರ, ಅಸ್ಸಾಮಿನವಳ ಬೆನ್ನಿಗೆ ಚಹಾ ಎಲೆಯ ಬುಟ್ಟಿ. ಎಲ್ಲರೂ ನಗುತ್ತಿದ್ದರು. ಯಾರ ಬಟ್ಟೆಯಲ್ಲೂ ಒಂದು ತೇಪೆ ಇಲ್ಲ, ಯಾರ ಕಾಲಲ್ಲೂ ಧೂಳಿಲ್ಲ. ಕನ್ನಡಕ ಹಾಕಿಕೊಂಡವರಿಲ್ಲ, ಸೈಕಲ್ಲು ಹಿಡಿದವರಿಲ್ಲ, ಮುದುಕಿಯರಿಲ್ಲ, ವಿಧವೆಯರಂತೂ ಇಲ್ಲವೇ ಇಲ್ಲ. ಅಷ್ಟು ದೊಡ್ಡ ದೇಶ ಅಷ್ಟು ಕಷ್ಟಪಟ್ಟು ಬಿಡುಗಡೆಯಾದದ್ದು ಮದುವೆಯೂಟಕ್ಕೆ ಹೊರಟು ನಿಲ್ಲಲಿಕ್ಕೆ ಎನ್ನುವ ಹಾಗೆ ಆ ದಂಪತಿಗಳು ಜೋಡಿಜೋಡಿಯಾಗಿ ನಿಂತಿದ್ದರು. ಬ್ರಿಟಿಷರು ನಮ್ಮ ಜನರನ್ನು ಜಾತಿಗೊಬ್ಬರಂತೆ ನಿಲ್ಲಿಸಿ ಬರೆಸಿದ ಚಿತ್ರಗಳನ್ನು ನಾನು ಕಲಾಶಾಲೆಯಲ್ಲಿ ನೋಡಿದ್ದೆ. ನಮ್ಮವರು ಮಾಡಿದ್ದಿಷ್ಟೇ: ಜಾತಿಯ ಹೆಸರು ಅಳಿಸಿ ಪ್ರಾಂತ್ಯದ ಹೆಸರು ಬರೆದರು, ಮುಖಕ್ಕೊಂದು ನಗು ಅಂಟಿಸಿದರು. ನಿಂತ ಭಂಗಿ ಮಾತ್ರ ಅದೇ.

ಅವನ್ನು ತೆಗೆಯೋಣ ಸಾರ್ ಎಂದು ಒಮ್ಮೆ ಹೆಡ್‌ಮಾಸ್ತರರನ್ನು ಕೇಳಿದ್ದೆ. "ಬೇಡಮ್ಮಾ, ಹಿಂದೆ ಗೋಡೆ ಬಿರುಕು ಬಿಟ್ಟೈತೆ, ಕಾಣ್ತದೆ" ಎಂದರು. ಆ ಪಟಗಳ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಮುಂದೆಯೂ ಕೇಳಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಶಾಲೆಯ ಮುಂದೆ ಜೀಪು ಬಂದು ನಿಂತಿತು. ಇಳಿದವರು ಚಿತ್ರಕಾರ ಜಯಸಿಂಹರಾಯರು. ಬೆಳ್ಳಗಿನ ಉದ್ದ ಕೂದಲು, ರೇಷ್ಮೆ ಜುಬ್ಬ, ಮೈತುಂಬ ಟರ್ಪಂಟೈನ್ ವಾಸನೆ. ನಮ್ಮ ರಾಜ್ಯದ ಜನರ ಉಡುಪಿನ ಹೊಸ ಪಟಗಳನ್ನು ಬರೆದುಕೊಡಲು ಅವರಿಗೆ ಸರ್ಕಾರ ಕೆಲಸ ಒಪ್ಪಿಸಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯಲ್ಲಿ ಓಡಾಡಲು ಸ್ಥಳೀಯರೊಬ್ಬರು ಬೇಕು, ಹೆಂಗಸಾದರೆ ಹಳ್ಳಿ ಹೆಂಗಸರು ಹಿಂಜರಿಯದೆ ಮುಂದೆ ಬರುತ್ತಾರೆ ಎಂದು ಹೆಡ್‌ಮಾಸ್ತರರು ನನ್ನನ್ನು ಕಳುಹಿಸಿಕೊಟ್ಟರು. ದೊಡ್ಡ ಕಲಾವಿದರ ಜೊತೆ ಕೆಲಸ ಎಂದು ಮೊದಲ ದಿನ ನಾನೂ ಹಿಗ್ಗಿನಿಂದಲೇ ಜೀಪು ಹತ್ತಿದೆ. ಆ ಹಿಗ್ಗು ಚನ್ನಗಿರಿ ಮುಟ್ಟುವವರೆಗೂ ಉಳಿಯಲಿಲ್ಲ.

"ನಿಮ್ಮ ಶಾಲೆಯ ಗೋಡೆ ಮೇಲಿರೋ ಪಟಗಳನ್ನು ನೋಡಿದೀಯೇನಮ್ಮಾ? ನನ್ನವೇ" ಎಂದರು ದಾರಿಯಲ್ಲಿ.

"ಅಷ್ಟೂ ಪ್ರಾಂತ್ಯ ತಿರುಗಿದ್ರಾ ಸಾರ್?"

ಅವರು ನಕ್ಕರು. "ತಿರುಗೋದು ಯಾತಕ್ಕೆ? ಒಂದು ಮಳೆಗಾಲದಲ್ಲಿ ನಮ್ಮ ಮನೆ ಮಹಡಿಯಲ್ಲೇ ಕೂತು ಇಡೀ ದೇಶ ಮುಗಿಸಿದೆ. ಬಟ್ಟೆಗೆ ಹಳೇ ಪುಸ್ತಕಗಳಿದ್ದವು. ಮುಖಕ್ಕೆ ನಮ್ಮ ತೋಟದ ಮಾಲಿ, ಅವನ ಹೆಂಡತಿ. ಒಂದು ಸಲಕ್ಕೆ ಮೀಸೆ, ಒಂದು ಸಲಕ್ಕೆ ಗಡ್ಡ. ಅಷ್ಟೇ."

ನಾನು ಬೆಚ್ಚಿಬಿದ್ದೆ. ಆ ಪಟಗಳಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಕಾಣುವುದು ಅಚ್ಚಿನ ದೋಷ ಎಂದುಕೊಂಡಿದ್ದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಬ್ಬನೇ ಮಾಲಿ ನಿಂತಿದ್ದ. ದೇಶದ ಏಕತೆ ಎಂದು ಮಕ್ಕಳಿಗೆ ನಾವು ಪಾಠ ಹೇಳುತ್ತಿದ್ದದ್ದು ಇದನ್ನು ತೋರಿಸಿ. ಆ ಮಾಲಿಯ ಹೆಸರೇನು ಎಂದು ಕೇಳಿದೆ. ರಾಯರಿಗೆ ನೆನಪಿರಲಿಲ್ಲ.

ಜೀಪಿನ ಹಿಂದೆ ಒಂದು ತಗಡಿನ ಟ್ರಂಕು ಇತ್ತು. ನಾಟಕದವರಿಗೆ ಡ್ರೆಸ್ಸು ಬಾಡಿಗೆಗೆ ಕೊಡುವವನಿಂದ ತಂದದ್ದು. ಪೇಟಗಳು, ಜರಿ ಶಲ್ಯಗಳು, ಗಿಲೀಟಿನ ಸೊಂಟಪಟ್ಟಿ. ಊರಿಗೆ ಹೋಗಿ ಊರಿನವರ ಉಡುಪು ಬರೆಯುವುದಕ್ಕೆ ಉಡುಪನ್ನೂ ಜೊತೆಗೆ ಒಯ್ಯುತ್ತಿದ್ದರು.

ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನ ಸಡಗರ. ಮಂಡಿಯ ಸಾಹುಕಾರರೊಬ್ಬರು ಟೆರಿಲಿನ್ ಅಂಗಿ, ಬೆಲ್‌ಬಾಟಮ್ ಪ್ಯಾಂಟಿನಲ್ಲಿ ಎದುರು ಬಂದರು. ರಾಯರಿಗೆ ಮುಖ ಹಿಡಿಸಿತು, ಬಟ್ಟೆ ಹಿಡಿಸಲಿಲ್ಲ. ಟ್ರಂಕಿನಿಂದ ಗರಿಯಿದ್ದ ಪೇಟ ಹೊರಬಂತು. ಸಾಹುಕಾರರಿಗೆ ಸಂಕೋಚವೇನೂ ಇರಲಿಲ್ಲ. "ದುರ್ಯೋಧನನ ಪಾರ್ಟ್ ಮಾಡಬೇಕಂತ ಬಾಳ ದಿನದ ಆಸೆ ಇತ್ತು ನೋಡ್ರಿ" ಎಂದು ಪೇಟ ಏರಿಸಿಕೊಂಡು ಕೂತರು, ಅದೇ ವೇಷದಲ್ಲಿ ಪೇಟೆಬೀದಿಯನ್ನೂ ಸುತ್ತಿ ಬಂದರು. ಪಟದ ಕೆಳಗೆ ರಾಯರು ಬರೆದ ಸಾಲು: 'ಅಡಿಕೆ ಬೆಳೆಗಾರ, ನಿತ್ಯದ ಉಡುಪಿನಲ್ಲಿ.'

ಅಲ್ಲೇ ಅಂಗಳದಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆಯನ್ನು ಜೋಡಿಗೆಂದು ಕರೆದರು. ಸುಲಿದು ಸುಲಿದು ಅವಳ ಬೆರಳುಗಳು ಕಪ್ಪಾಗಿದ್ದವು. "ಕೈ ತೊಳೆದುಕೊಂಡು ಬಾಮ್ಮಾ" ಎಂದರು ರಾಯರು.

"ತೊಳದ್ರೆ ಹೋಗಾದಲ್ಲ ಸ್ವಾಮೇರ. ಇದು ಬ್ಯಾಸಿಗಿತನಕ ಹಿಂಗೇ."

ರಾಯರು ಆ ಕೈಗಳನ್ನು ಸೆರಗಿನೊಳಗೆ ಮುಚ್ಚಿ ಬರೆದರು. ಅಡಿಕೆ ಸೀಮೆಯ ಪಟದಲ್ಲಿ ಅಡಿಕೆ ಸುಲಿಯುವ ಕೈ ಮಾತ್ರ ಇಲ್ಲ.

ಜಗಳೂರಿಗೆ ಹೋದದ್ದು ಬೇಸಿಗೆಯಲ್ಲಿ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹೊಲವೆಲ್ಲ ಬೆಂದ ರೊಟ್ಟಿಯಂತೆ ಒಣಗಿತ್ತು. ಸೊಕ್ಕೆಯ ದಾರಿಯಲ್ಲಿ ಬೇವಿನಮರದ ಕೆಳಗೆ ಕುರಿಮಂದೆ ಬಿಟ್ಟುಕೊಂಡು ಹನುಮಂತಪ್ಪ ಟ್ರಾನ್ಸಿಸ್ಟರ್ ಕೇಳುತ್ತ ಕೂತಿದ್ದ. ನಮ್ಮ ಅಪ್ಪನಿಗೆ ಪರಿಚಯದವನು. ಮೈಮೇಲೆ ಬನಿಯನ್ನು, ತಲೆಗೊಂದು ಒದ್ದೆ ಟವೆಲ್ಲು. ರಾಯರು ಟ್ರಾನ್ಸಿಸ್ಟರನ್ನು ನನ್ನ ಕೈಗೆ ಕೊಡಿಸಿ, "ಕಂಬಳಿ ಹೊದೆದುಕೊಂಡು, ಕೋಲೂರಿ ನಿಂತುಕೋ" ಎಂದರು.

ಹನುಮಂತಪ್ಪ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. "ಅಲ್ಲವ್ವಾ, ಇವ್ರಿಗೆ ಹುಷಾರೈತಾ? ಈ ಬಿಸಿಲಿಗೆ ಕುರೀದೇ ಉಣ್ಣೆ ಕತ್ತರಿಸಿ ಬಿಟ್ಟೀವಿ. ನನಗ್ಯಾಕ್ರಿ ಕಂಬಳಿ?"

ಕೊನೆಗೆ ನನ್ನ ದಾಕ್ಷಿಣ್ಯಕ್ಕೆ ಹೊದ್ದುಕೊಂಡ. ಬೆವರು ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. "ಸ್ವಲ್ಪ ನಗಪ್ಪಾ" ಎಂದರು ರಾಯರು. ಆತ ನಿಜವಾಗಿಯೂ ನಕ್ಕ. ಯಾರನ್ನು ನೋಡಿ ನಗುತ್ತಿದ್ದಾನೆ ಎಂಬುದು ರಾಯರಿಗೆ ತಿಳಿಯಲಿಲ್ಲ.

ಇಷ್ಟರವರೆಗೆ ಎಲ್ಲ ನಗೆಪಾಟಲೇ. ಸಂಜೆ ಕೋಣೆಗೆ ಬಂದು ಒಬ್ಬಳೇ ನಗುತ್ತಿದ್ದೆ. ನ್ಯಾಮತಿಯಲ್ಲಿ ನಗು ನಿಂತಿತು.

ಮೊದಲ ಮಳೆ ಬೀಳುವ ಮುಂಚೆ ನ್ಯಾಮತಿ ಹತ್ತಿರದ ಒಂದು ಲಂಬಾಣಿ ತಾಂಡಾಕ್ಕೆ ಹೋದೆವು. ಬೇಲಿಯ ಬಳಿ ಒಬ್ಬ ಮುದುಕಿ ಕಟ್ಟಿಗೆ ಹೊರೆ ಇಳಿಸುತ್ತಿದ್ದಳು. ಕನ್ನಡಿ ಕೂರಿಸಿದ ಕೆಂಪು ಲಂಗ, ಕಸೂತಿಯ ರವಿಕೆ, ತೋಳುದ್ದಕ್ಕೂ ಬಿಳಿ ಬಳೆ. ರಾಯರು ಜೀಪು ನಿಲ್ಲುವ ಮೊದಲೇ ಇಳಿದರು. ಹತ್ತಿರ ಹೋದ ಮೇಲೆ ಅವರ ಮುಖ ಸಣ್ಣದಾಯಿತು. ಮುದುಕಿಗೆ ಮುಂದಿನ ಹಲ್ಲುಗಳಿರಲಿಲ್ಲ.

ಆಗ ಅವಳ ಮಗಳು ಸೈಕಲ್ಲು ತಳ್ಳಿಕೊಂಡು ಬಂದಳು. ಚಂದ್ರಿಬಾಯಿ. ನ್ಯಾಮತಿ ಆಸ್ಪತ್ರೆಯಲ್ಲಿ ನರ್ಸು. ನೀಲಿ ಅಂಚಿನ ಬಿಳಿ ಸೀರೆ, ಎದೆಗೆ ಸಿಕ್ಕಿಸಿದ ವಾಚು, ಹ್ಯಾಂಡಲ್ಲಿಗೆ ಔಷಧದ ಚೀಲ. ಸುತ್ತಿನ ಹಳ್ಳಿಗಳಲ್ಲಿ ಅವಳ ಹೆಸರು ಹೇಳಿದರೆ ಯಾರಿಗೂ ತಿಳಿಯದು, ನರ್ಸಮ್ಮ ಎಂದರೆ ಮನೆಮನೆಗೆ ಗೊತ್ತು. ಮೂವತ್ತರ ಹತ್ತಿರದ ಪ್ರಾಯ, ಕಡೆದಿಟ್ಟಂಥ ಮುಖ. ರಾಯರು ಆ ಮುಖವನ್ನೂ ಮುದುಕಿಯ ಲಂಗವನ್ನೂ ಅಳೆದು ನೋಡಿದರು.

"ನಿಮ್ಮಮ್ಮನ ಬಟ್ಟೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂತ್ಕೊಮ್ಮಾ. ಭಾರತದ ಮೂಲೆಮೂಲೆಗೆ ನಿನ್ನ ಚಿತ್ರ ಹೋಗುತ್ತೆ."

"ಅದು ನಮ್ಮವ್ವನ ಬಟ್ಟೆ ಸಾರ್. ಆಕೆಗೆ ಚೆಂದ ಐತೆ. ನನ್ನ ಬಟ್ಟೆ ಇದು."

"ಇದು ಯೂನಿಫಾರಂ ಅಲ್ವೇನಮ್ಮಾ? ಇದು ಉಡುಪಲ್ಲ."

ಚಂದ್ರಿಬಾಯಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. ದನಿ ಏರಿಸಲಿಲ್ಲ. "ಸಾಲಿಗೆ ಹೋಗುವಾಗ ಅವ್ವನಂಗೇ ಲಂಗ ಹಾಕ್ತಿದ್ದೆ ಸಾರ್. ಮೇಷ್ಟ್ರು ಬಾಗಿಲ ಹತ್ರ ಕುಂದ್ರಸ್ತಿದ್ರು. ಒಳಗೆ ಬಂದ್ರೆ ಕನ್ನಡಿ ಬೆಳಕು ಬೋರ್ಡಿಗೆ ಹೊಡೀತದಂತ. ಅದೇ ಸಾಹೇಬ್ರು ಯಾರಾನ ಬಂದ್ರೆ ನನ್ನೇ ಕರಕೊಂಡೋಗಿ ಮುಂದೆ ನಿಲ್ಸೋರು, ಕುಣಿ ಅಂತ. ನೋಡಾಕೆ ಬಂದೋರಿಗೆ ಮುಂದಿನ ಸಾಲು, ಓದಾಕೆ ಬಾಗಿಲು. ಈ ಸೀರೆ ಉಡಾಕೆ ನಾನು ಎಷ್ಟು ಒದ್ದಾಡೀನಿ ಅಂತ ನನಗೇ ಗೊತ್ತು. ಬರಿಯಂಗಿದ್ರೆ ಇದ್ರಾಗೆ ಬರೀರಿ. ಇಲ್ಲಾಂದ್ರೆ ಬ್ಯಾಡ."

ರಾಯರು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಆಗಲಮ್ಮಾ, ಇದರಲ್ಲೇ" ಎಂದರು. ಮುಖವನ್ನಷ್ಟೇ ಬರೆದುಕೊಂಡರು. ಸೀರೆ ಆಮೇಲೆ ತುಂಬುತ್ತೇನೆ, ಅದಕ್ಕೇನು, ಬರೀ ಬಿಳಿ ತಾನೆ ಎಂದರು. ಹೊರಡುವಾಗ ಚಂದ್ರಿಬಾಯಿ ಮತ್ತೆ ಕೇಳಿದಳು: "ಇದೇ ಸೀರೆ ಬರಿತೀರಲ್ಲ ಸಾರ್?"

"ಇದೇ, ಇದೇ."

ಜೀಪಿನಲ್ಲಿ ನಾನೂ ಕೇಳಿದೆ. "ಮಾತು ಕೊಟ್ಟಾಗಿದೆಯಲ್ಲಮ್ಮ" ಎಂದರು. ದೊಡ್ಡವರು ಸುಳ್ಳಾಡುವಾಗಲೂ ಎಷ್ಟು ತಣ್ಣಗಿರುತ್ತಾರೆ ಎಂಬುದನ್ನು ನಾನು ಕಲಿತದ್ದು ಅವರಿಂದ.

ಆಗಸ್ಟ್ ಹದಿನೈದರ ನೆಪದಲ್ಲಿ ಹೊನ್ನಾಳಿಯ ಒಂದು ಸಭಾಭವನದಲ್ಲಿ ಮೂಲಚಿತ್ರಗಳ ಪ್ರದರ್ಶನ ಇಟ್ಟರು. ಅಚ್ಚಿಗೆ ಹೋಗುವ ಮೊದಲು ಜನ ನೋಡಲಿ ಎಂದು. ಜಿಟಿಜಿಟಿ ಮಳೆ. ಚಂದ್ರಿಬಾಯಿ ರಜೆ ಹಾಕಿ, ಇಸ್ತ್ರಿ ಮಾಡಿದ ಯೂನಿಫಾರಂ ಉಟ್ಟು ತಾಂಡಾದ ಹೆಂಗಸರ ಗುಂಪಿನೊಂದಿಗೆ ಬಸ್ಸಿನಲ್ಲಿ ಬಂದಿಳಿದಳು. ಮುಂದೆ ಅವಳ ತಾಯಿ. ಮಗಳು ನರ್ಸಾದದ್ದನ್ನು ಸರ್ಕಾರ ಪಟದಲ್ಲಿ ಹಾಕಿದೆ ಎಂದು ಮುದುಕಿ ಬಸ್ಸಿನ ತುಂಬ ಹೇಳಿಕೊಂಡು ಬಂದಿದ್ದಳಂತೆ.

ಪಟ ನಾನು ನೋಡಿದ್ದೂ ಆಗಲೇ. ಮುಖ ಚಂದ್ರಿಬಾಯಿಯದು. ಕುತ್ತಿಗೆಯಿಂದ ಕೆಳಗೆ ಕೆಂಪು ಲಂಗ, ಕನ್ನಡಿಗಳು, ಬಿಳಿ ಬಳೆ, ಸೊಂಟದ ಮೇಲೊಂದು ಕೊಡ. ತುಟಿಯ ಮೇಲೆ ಅವಳದಲ್ಲದ ಒಂದು ನಗು. ಕೆಳಗೆ: 'ಲಂಬಾಣಿ ಹೆಣ್ಣು. ಅಲೆಮಾರಿ. ಹಾಡು ಕುಣಿತಗಳಲ್ಲಿ ಮೈಮರೆಯುವವಳು.'

ಮುದುಕಿ ಹತ್ತಿರ ಹೋಗಿ ನೋಡಿ ಮಗಳ ಕಡೆ ತಿರುಗಿದಳು. "ಮುಖ ನಿಂದು, ಬಟ್ಟೆ ನಂದು. ಇವಳು ಯಾರ ಮಗಳೇ?"

ಆಮೇಲೆ, "ಕೆಳಗೇನು ಬರದೈತೆ?" ಎಂದಳು. ಚಂದ್ರಿಬಾಯಿ ನನ್ನ ಕಡೆ ನೋಡಿದಳು. ನಾನು ಓದಿ ಹೇಳಿದೆ. ಅಲೆಮಾರಿ ಎಂದರೆ ಊರಿಲ್ಲದವರು ಎಂದು ಅರ್ಥವನ್ನೂ ಹೇಳಿದೆ.

ಮುದುಕಿ ಅಲ್ಲೇ ನಿಂತಿದ್ದ ರಾಯರತ್ತ ಕೈ ಮಾಡಿದಳು. "ಊರಿಲ್ಲದೋರಾ? ಮತ್ತೆ ಅವತ್ತು ನಿನ್ನ ಜೀಪು ಎಲ್ಲಿ ಬಂದು ನಿಂತಿತ್ತಪ್ಪಾ?"

ರಾಯರು ನಸುನಕ್ಕು ಚಂದ್ರಿಬಾಯಿಗೆ ಸಮಾಧಾನ ಹೇಳಲು ಬಂದರು. "ನೋಡಮ್ಮಾ, ದೇಶಕ್ಕೆ ತೋರಿಸಬೇಕಾದ್ದು ಇದು. ನರ್ಸುಗಳು ಎಲ್ಲಾ ಕಡೆ ಇದಾರೆ."

"ನಮ್ಮಲ್ಲೂ ಅದಾರೆ ಅಂತ ತೋರ್ಸಾಕೆ ನಿಮಗೇನು ಕಷ್ಟ ಆಗಿತ್ತು ಸಾರ್?"

ಅಷ್ಟರಲ್ಲಿ ಪ್ರದರ್ಶನದ ಉಸ್ತುವಾರಿಯ ಅಧಿಕಾರಿ ನಡುವೆ ಬಂದ. ಇದು ಸರ್ಕಾರದ ಪಟ, ಗಲಾಟೆ ಮಾಡಬಾರದು ಎಂದ. ಪಟ ಇಳಿಸಿರಿ ಎಂದಳು ಚಂದ್ರಿಬಾಯಿ. ಆಗುವುದಿಲ್ಲ ಎಂದ. ಅಧಿಕಾರಿ ನನ್ನ ಕಡೆ ತಿರುಗಿ, "ಏನ್ರೀ ಟೀಚರ್, ಈಯಮ್ಮ ಒಪ್ಪಿಕೊಂಡೇ ತಾನೆ ಬರೆಸಿಕೊಂಡಿದ್ದು? ಹೇಳ್ರಿ" ಎಂದ. ಹೌದೆಂದುಬಿಟ್ಟರೆ ಎಲ್ಲ ಮುಗಿಯುತ್ತದೆ ಎನ್ನುವ ಹಾಗಿತ್ತು ಅವನ ದನಿ.

"ಇಲ್ಲ ಸಾರ್. ಆಕೆ ಯೂನಿಫಾರಂನಲ್ಲಿ ಬರೀರಿ ಅಂತ ಹೇಳಿದ್ರು. ಇವರು ಇದೇ, ಇದೇ ಅಂತ ಮಾತು ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ. ಇವರು ಸುಳ್ಳು ಹೇಳಿದ್ದಾರೆ."

ನನ್ನ ದನಿ ಸಭಾಭವನ ಪೂರ್ತಿ ಕೇಳುವಷ್ಟು ಗಟ್ಟಿಯಾಗಿತ್ತು. ರಾಯರು ಅಂದಿನಿಂದ ನನ್ನ ಮುಖ ನೋಡಲಿಲ್ಲ. ನನಗದರಿಂದ ಏನೂ ನಷ್ಟವಾಗಲಿಲ್ಲ.

ಚಂದ್ರಿಬಾಯಿ ಅಳಲಿಲ್ಲ. ಹೋಗಿ ಪಟದ ಪಕ್ಕದಲ್ಲಿ ನಿಂತಳು. ಸೆರಗು ಸರಿಮಾಡಿಕೊಂಡು, ವಾಚು ಕಾಣುವ ಹಾಗೆ ನೆಟ್ಟಗೆ ನಿಂತಳು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಇದು ನನ್ನ ಮುಖ. ನಾನು ನ್ಯಾಮತಿ ಆಸ್ಪತ್ರೆ ನರ್ಸು. ಈ ಬಟ್ಟೆ ನಾನು ಹಾಕ್ಕಂಡಿರಲಿಲ್ಲ. ನಮಗೆ ಊರೈತೆ."

ಮೊದಮೊದಲು ಜನ ಮುಸಿಮುಸಿ ನಕ್ಕು ಮುಂದೆ ಹೋದರು. ಆಮೇಲೆ ಮಗು ಎತ್ತಿಕೊಂಡ ಒಬ್ಬ ಹೆಂಗಸು ಗಕ್ಕನೆ ನಿಂತಳು. "ಅಯ್ಯ, ನಮ್ಮ ನರ್ಸಮ್ಮ! ಈ ಕೂಸಿನ ಹೆರಿಗೆ ಮಾಡಿಸಿದಾಕೆ. ಯಾಕ್ರಿ ಇವ್ರನ್ನ ಹಿಂಗೆ ಬರ್ದೀರಿ?" ಎಂದು ಅಧಿಕಾರಿಯನ್ನೇ ಕೇಳಿದಳು. ಅವಳ ಗಂಡನೂ ಕೇಳಿದ. ಮಧ್ಯಾಹ್ನದ ಹೊತ್ತಿಗೆ ದುರ್ಯೋಧನನ ಪೇಟದ ಮುಂದೆಯಾಗಲಿ ಕಂಬಳಿ ಹೊದ್ದೂ ಬೆವರದ ಕುರುಬನ ಮುಂದೆಯಾಗಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಅವಳ ಸುತ್ತ. ಒಬ್ಬಳು ಮಗುವಿನ ಜ್ವರ ಹೇಳಿಕೊಂಡಳು, ಇನ್ನೊಬ್ಬಳು ಚುಚ್ಚುಮದ್ದು ಯಾವಾಗ ಎಂದು ಕೇಳಿದಳು. ಚಂದ್ರಿಬಾಯಿ ತನ್ನದೇ ಸುಳ್ಳು ಚಿತ್ರದ ಪಕ್ಕ ನಿಂತು ಕೂಸಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಸ್ವತಂತ್ರ ದೇಶದ ಚಿತ್ರ ಬರೆಯಬೇಕಾಗಿದ್ದವರು ಅದನ್ನು ಬರೆಯಬೇಕಿತ್ತು. ರಾಯರು ಅಷ್ಟರಲ್ಲಿ ತಲೆನೋವೆಂದು ಪ್ರವಾಸಿ ಮಂದಿರಕ್ಕೆ ಹೋಗಿಬಿಟ್ಟಿದ್ದರು.

ಮರುದಿನವೂ ಬಂದು ನಿಂತಳು. ಅದರ ಮರುದಿನ ಬಾಗಿಲು ತೆರೆದಾಗ ಆ ಪಟ ಗೋಡೆಯ ಮೇಲಿರಲಿಲ್ಲ.

ಗಲಾಟೆ ಮಾಡಿದ್ದಕ್ಕೆ ವಿವರಣೆ ಕೇಳಿ ಚಂದ್ರಿಬಾಯಿಗೊಂದು ಮೆಮೊ ಹೋಯಿತು. ಆಸ್ಪತ್ರೆಯ ಡಾಕ್ಟರು ಅದನ್ನು ಓದಿ, ಮೇಜಿನ ಮೇಲಿಟ್ಟು, ಮೇಲೆ ಕಾಫಿ ಲೋಟ ಇಟ್ಟು, "ವಾರ್ಡಿಗೆ ಹೋಗಮ್ಮ, ಕೆಲಸ ನೋಡು" ಎಂದರಂತೆ. ನನ್ನನ್ನು ಮತ್ತೆ ಯಾವ ಕಲಾವಿದರ ಜೊತೆಗೂ ಕಳಿಸಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಪಟಗಳು ಅಚ್ಚಾಗಿ ಶಾಲೆಗಳಿಗೆ ಬಂದವು. ಸುರುಳಿ ಬಿಚ್ಚಿದೆ. ಎಲ್ಲರೂ ಇದ್ದರು, ನಗುತ್ತಿದ್ದರು. ಲಂಬಾಣಿ ಹೆಣ್ಣಿನ ಪಟವೂ ಇತ್ತು. ಅದೇ ಲಂಗ, ಅದೇ ಕನ್ನಡಿ, ಅದೇ ಕೊಡ, ಕೆಳಗೆ ಅದೇ ಅಲೆಮಾರಿ. ಆದರೆ ಮುಖವಿರಲಿಲ್ಲ. ಆಕೆ ನಮಗೆ ಬೆನ್ನು ಮಾಡಿ ನಿಂತಿದ್ದಳು.

ಆ ಪಟವೊಂದನ್ನು ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ನ್ಯಾಮತಿಗೆ ಹೋದೆ. ಆಸ್ಪತ್ರೆಯ ಜಗಲಿಯಲ್ಲಿ ಚಂದ್ರಿಬಾಯಿ ಹತ್ತಿ ಸುತ್ತುತ್ತಿದ್ದಳು. ಬಿಚ್ಚಿ ತೋರಿಸಿದೆ. ಅವಳಿಗೆ ನೋವಾಗಬಹುದೆಂಬ ಹೆದರಿಕೆ ನನಗಿತ್ತು. ನೋಡಿದವಳೇ ಬಾಯಿಗೆ ಸೆರಗು ಹಚ್ಚಿಕೊಂಡು ನಗತೊಡಗಿದಳು.

"ಪಾಪ ಟೀಚರ್ರೇ, ಈ ಸಲ ನನ್ನ ಮುಖ ನೋಡಾಕೆ ಧೈರ್ಯ ಬಂದಿಲ್ಲ ಅವ್ರಿಗೆ."

ನಾನೂ ನಕ್ಕೆ. ಇದನ್ನೇನು ಮಾಡೋಣ, ಹರಿದು ಹಾಕಲೇ ಎಂದು ಕೇಳಿದೆ.

ಅವಳು ಅಂಚು ಹಿಡಿದು ಬೆರಳಲ್ಲಿ ತಿಕ್ಕಿ ನೋಡಿದಳು. "ಯಾಕ್ರಿ ಹರೀತೀರಿ? ಕಾಗದ ಗಟ್ಟಿ ಐತೆ. ಹಿಂದುಗಡೆ ಖಾಲಿ ಐತೆ" ಎಂದವಳು ಪಟವನ್ನು ಬೆಂಚಿನ ಮೇಲೆ ಮಗುಚಿ ಹಾಸಿ, ಒಳಗಿನಿಂದ ಗಾಯಕ್ಕೆ ಹಚ್ಚುವ ನೇರಳೆ ಔಷಧದ ಬಾಟಲಿ ತಂದಿಟ್ಟಳು. "ನಿಮ್ಮ ಅಕ್ಷರ ದುಂಡಗಿರ್ತಾವೆ. ದೊಡ್ಡದಾಗಿ ಬರಕೊಡ್ರಿ. ಮಕ್ಕಳಿಗೆ ಚುಚ್ಚುಮದ್ದು, ಪ್ರತಿ ಗುರುವಾರ, ಅಂತ."

ಕಡ್ಡಿಗೆ ಹತ್ತಿ ಸುತ್ತಿ ಬರೆದೆ. ಒಣಗಿದ ಮೇಲೆ ಅವಳೇ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದಳು.